ಕೆರೆ ಮೇಲೆ ರಸ್ತೆ, ಬೇಲಿ ಹತ್ರ ಕುದುರೆ

ತಾವು ಕಾಲೇ ಇಡದ ಊರಿನ ಕೆಲಸದಿಂದ ಅನ್ನ ತಿನ್ನೋರಿಗೆ ಇಂಥ ಫಜೀತಿಗಳು ಆಗ್ತಾನೇ ಇರುತ್ತವೆ. ನನಗಂತೂ ಒಂದು ಮುಗಿಯೋದ್ರೊಳಗೆ ಇನ್ನೊಂದು ಆಗ್ತಿತ್ತು.

ಕಾರಲ್ಲಿ ದಾರಿ ಹೇಳೋ ಮೆಷಿನ್ನು ಹೊಸದಾಗಿ ಬಂದಿದ್ದ ಕಾಲ. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನಲ್ಲಿ, ಮ್ಯಾಪ್ ಮಾಡೋ ಒಂದು ಕಂಪನಿಯಲ್ಲಿ ನನಗೆ ಕೆಲಸ. ನನ್ನ ಪಾಲಿಗೆ ಬಂದಿದ್ದು ಅಮೆರಿಕಾದ ಮಿಡ್‌ವೆಸ್ಟ್‌ನ ಒಂದು ಕೌಂಟಿ. ಕೌಂಟಿ ಅಂದ್ರೆ ನಮ್ಮ ತಾಲೂಕು ಇದ್ದ ಹಾಗೆ. ಒಂದು ಕಡೆ ಮುಸುಕಿನ ಜೋಳ, ಇನ್ನೊಂದು ಕಡೆ ಆಚೆ ದಡವೇ ಕಾಣದಷ್ಟು ದೊಡ್ಡ ಕೆರೆ, ನಡುವೆ ಹಸು, ಚರ್ಚು, ಚೀಸು. ಅಲ್ಲಿನ ರಸ್ತೆಗಳನ್ನ ನಾನು ಕಂಪ್ಯೂಟರಲ್ಲಿ ತಿದ್ದಬೇಕು. ತಿದ್ದಿದ್ದನ್ನ ಮೆಲ್ಬರ್ನ್ ಆಫೀಸಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಮೇಡಂ ಒಬ್ರು ಚೆಕ್ ಮಾಡಬೇಕು.

ಆ ಕೌಂಟಿ ಇದ್ರೆ ನನ್ನ ಕೆಲಸ. ಕೆಲಸ ಇದ್ರೆ ವೀಸಾ. ವೀಸಾ ಇದ್ರೆ ಮುಂದೆ ಪಿಆರ್, ಅಂದ್ರೆ ಇಲ್ಲೇ ಖಾಯಂ ಇರೋಕೆ ಪರ್ಮಿಷನ್ನು. ಇಷ್ಟೇ ನನ್ನ ಜಾತಕ.

ಅರ್ಚನೆ

ಕೌಂಟಿಯೋರು ನಮ್ಮ ಕಂಪನಿಗೆ ಕೊಟ್ಟಿದ್ದ ಕಾಂಟ್ರಾಕ್ಟು ಮುಂದುವರಿಯುತ್ತೋ ಇಲ್ವೋ ಅಂತ ಆಫೀಸಲ್ಲಿ ಗುಸುಗುಸು ಶುರುವಾಯ್ತು. ಸಿಡ್ನಿಯಲ್ಲೇ ಗಿರಾವೀನ್‌ನಲ್ಲಿದ್ದ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೀದಾ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ, ಕೌಂಟಿ ಹೆಸರಲ್ಲಿ ಅರ್ಚನೆ ಮಾಡಿ ಅಂದ್ಲು.

ಅರ್ಚಕರು ಹೂವು ಹಿಡಿದು, "ಗೋತ್ರ?" ಅಂದ್ರು.

ಹೆಂಡತಿ ನನ್ನ ಮುಖ ನೋಡಿದ್ಲು. ಅಲ್ಲಿನ ಹಿಸ್ಟರಿ ಎಲ್ಲಾ ನನಗೆ ಗೊತ್ತಿತ್ತಲ್ಲ, "ಅರ್ಧ ಜನ ನಾರ್ವೆ ಕಡೆಯಿಂದ ಬಂದೋರು, ಇನ್ನರ್ಧ ಜರ್ಮನಿಯೋರು" ಅಂದೆ.

ಅರ್ಚಕರು ಒಂಚೂರೂ ಗಾಬರಿಯಾಗ್ಲಿಲ್ಲ. "ಗೊತ್ತಿಲ್ಲದೋರಿಗೆಲ್ಲಾ ಕಾಶ್ಯಪ" ಅಂದು ಮಂತ್ರ ಮುಂದುವರಿಸಿದ್ರು.

ಕೆರೆ ಮೇಲಿನ ರಸ್ತೆ

ಒಂದಿನ ನೋಡ್ತೀನಿ, ದಡದಿಂದ ಒಂದು ರಸ್ತೆ ಹೊರಟು ಕೆರೆ ಮಧ್ಯದಲ್ಲೇ ಹೋಗಿ ಒಂದು ದ್ವೀಪ ಸೇರ್ತಿದೆ. ಸೇತುವೆ ಅಂತೂ ಇಲ್ಲ. ಯಾರೋ ನಿದ್ದೆಗಣ್ಣಲ್ಲಿ ಎಳೆದಿರಬೇಕು ಅಂತ ಅಳಿಸಿಬಿಟ್ಟೆ. ಮೆಲ್ಬರ್ನಿಂದ ಮೇಡಂ ಫೋನ್ ಮಾಡಿ ಬೆನ್ನು ತಟ್ಟಿದ್ರು. "ಒಳ್ಳೇದು ಮಾಡಿದ್ರಿ ಮಾರಾಯ್ರೆ. ನೀರಿನ ಮೇಲೆ ನಡೆಯುವವರು ನಮ್ಮಲ್ಲಿ ಒಬ್ಬರೇ. ಅವರಿಗೆ ಮ್ಯಾಪ್ ಬೇಡ."

ಜನವರಿಯಲ್ಲಿ ಕೌಂಟಿಯಿಂದ ಫೋನು. ಅಲ್ಲಿ ಮ್ಯಾಪ್ ವಿಷಯ ನೋಡ್ಕೊಳ್ತಿದ್ದಿದ್ದು ರಿಟೈರ್ ಆದ ಹಿಸ್ಟರಿ ಮೇಷ್ಟ್ರು. ಮೇಡಂ ಅವರನ್ನ ಅಜ್ಜ ಅಂತಿದ್ರು, ನನಗೂ ಅದೇ ಅಭ್ಯಾಸ ಆಯ್ತು.

"ನಮ್ಮ ದ್ವೀಪದ ರಸ್ತೆ ಎಲ್ಲಿ?" ಅಂದ್ರು ಅಜ್ಜ.

"ಸರ್, ಅದು ನೀರಲ್ಲಿತ್ತು."

"ಈಗ ನೀರೆಲ್ಲಿದೆ? ಚಳಿಗೆ ಕೆರೆ ಮಂಜುಗಟ್ಟಿ ಗಟ್ಟಿಯಾಗಿದೆ. ನಾವೆಲ್ಲಾ ಅದರ ಮೇಲೇ ಕಾರ್ ಓಡಿಸ್ತೀವಿ. ದಾರಿ ಗೊತ್ತಾಗ್ಲಿ ಅಂತ ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಮರಗಳನ್ನ ಎರಡೂ ಕಡೆ ನೆಡ್ತೀವಿ."

ನಾನು ಹೊರಗೆ ನೋಡಿದೆ. ಸಿಡ್ನಿ ಬಿಸಿಲಿಗೆ ಟಾರು ಕರಗ್ತಿತ್ತು.

"ನಿಮ್ಮೂರಲ್ಲಿ ಕೆರೆ ಗಟ್ಟಿಯಾಗಲ್ವಾ?" ಅಂತ ಕೇಳಿದ್ರು.

"ಬೆಂಗಳೂರಲ್ಲಿ ಆಗುತ್ತೆ ಸರ್. ಆದ ತಕ್ಷಣ ಸೈಟ್ ಮಾಡಿ ಮಾರ್ತಾರೆ."

"ನಮಗೆ ಆಗಲ್ಲಪ್ಪ. ಏಪ್ರಿಲಲ್ಲಿ ನೀರಿಗೆ ವಾಪಸ್ ಕೊಡಬೇಕು" ಅಂದ್ರು ಅಜ್ಜ. ಬೈಗುಳಕ್ಕೆ ಕಾದು ಕೂತಿದ್ದೆ, ಬೈಲೇ ಇಲ್ಲ, ಪುಣ್ಯಾತ್ಮ.

ಚೀಸ್ ಫ್ಯಾಕ್ಟರಿ

ರಸ್ತೆ ವಾಪಸ್ ಹಾಕಿಕೊಟ್ಟೆ. ಅಜ್ಜನಿಗೆ ಖುಷಿಯಾಗಿ ಇನ್ನೊಂದು ಕೇಳಿದ್ರು. ಒಂದು ತಿರುವಿನಲ್ಲಿ ಚೀಸ್ ಫ್ಯಾಕ್ಟರಿ ಅಂತ ಹಾಕಬೇಕಂತೆ. ಅಜ್ಜ ಸಣ್ಣವರಿದ್ದಾಗಲೇ ಆ ಫ್ಯಾಕ್ಟರಿ ಸುಟ್ಟುಹೋಗಿದೆ. ಆದ್ರೆ ಊರಲ್ಲಿ ಯಾರನ್ನ ದಾರಿ ಕೇಳಿದ್ರೂ "ಫ್ಯಾಕ್ಟರಿ ಹತ್ರ ತಿರುಗಿ" ಅಂತಾನೇ ಹೇಳೋದು.

ಕೆಡವಿದ ಟಾಕೀಸುಗಳ ಹೆಸರು ಹಿಡಿದು ದಾರಿ ಹೇಳೋ ಊರಿಂದ ಬಂದವನು ನಾನು. ನನಗೆ ತಕ್ಷಣ ಅರ್ಥ ಆಯ್ತು. ಹಾಕಿದೆ.

ಮೇಡಂ ಫೋನಲ್ಲಿ ರೇಗಿದ್ರು. "ಎಂತ ಮಾರಾಯ್ರೆ, ಇದ್ದ ರಸ್ತೆ ತೆಗೆದ್ರಿ, ಇಲ್ಲದ ಫ್ಯಾಕ್ಟರಿ ಹಾಕ್ತೀರಾ? ಅಲ್ಲಿ ಹೋದವರಿಗೆ ಫ್ಯಾಕ್ಟರಿ ಕಾಣದಿದ್ರೆ ಎಂತ ಮಾಡುವುದು?"

ಅಜ್ಜನನ್ನೇ ಕೇಳಿದೆ. "ಕಾಣದೇ ಇದ್ರೆ ಸರಿಯಾದ ಜಾಗಕ್ಕೆ ಬಂದಿದ್ದಾರೆ ಅಂತ ಅರ್ಥ" ಅಂದ್ರು.

ಬಿಳಿ ಕುದುರೆ

ಆಮೇಲೆ ಒಂದಿನ ಬಾಸ್ ಕರೆದು ಹೇಳಿದ್ರು. ಅಜ್ಜ ಮೆಲ್ಬರ್ನಲ್ಲಿರೋ ಮಗಳ ಮನೆಗೆ ಬರ್ತಿದ್ದಾರೆ. ಹಾಗೇ ನಮ್ಮನ್ನೂ ನೋಡ್ಕೊಂಡು ಹೋಗ್ತಾರೆ. ಕಾಂಟ್ರಾಕ್ಟು ಮುಂದುವರಿಸಬೇಕೋ ಬೇಡವೋ ಅನ್ನೋದು ಅವರ ಮಾತಿನ ಮೇಲೆ. ಮೆಲ್ಬರ್ನಿಗೆ ಹೋಗಿ ಅವರನ್ನ ಚೆನ್ನಾಗಿ ನೋಡ್ಕೋ.

ಮೇಡಂ ಮೆಲ್ಬರ್ನ್ ಅಂಚಿನ ಟ್ರುಗನಿನಾದ ತಮ್ಮ ಹೊಸ ಮನೆಗೆ ಇಬ್ಬರನ್ನೂ ಊಟಕ್ಕೆ ಕರೆದ್ರು. ನಾನು ಬಾಡಿಗೆ ಕಾರಲ್ಲಿ ಅಜ್ಜನನ್ನ ಕೂರಿಸ್ಕೊಂಡು ಹೊರಟೆ. ದಾರಿ ಹೇಳೋಕೆ ನಮ್ಮ ಕಂಪನಿ ಮ್ಯಾಪೇ ಇತ್ತು.

ಟ್ರುಗನಿನಾ ಬಂತು, ಮೆಷಿನ್ನಲ್ಲಿ ರಸ್ತೆ ನಿಂತುಹೋಯ್ತು. ಅಷ್ಟು ಹೊಸ ಸಬರ್ಬ್ ಅದು. ಹೊರಗೆ ಚೆಂದದ ಟಾರು ರೋಡು, ಸಾಲು ಮನೆಗಳು, ಎಲ್ಲಾ ಒಂದೇ ಥರ. ಸ್ಕ್ರೀನಲ್ಲಿ ಮಾತ್ರ ನಮ್ಮ ಕಾರು ಖಾಲಿ ಬಯಲಲ್ಲಿ ಒಂಟಿ ಎಮ್ಮೆ ಥರ ಅಲೀತಿದೆ. ಅಜ್ಜ ಕನ್ನಡಕ ಹಾಕ್ಕೊಂಡು ಸ್ಕ್ರೀನ್ ನೋಡಿದ್ರು, ರೋಡ್ ನೋಡಿದ್ರು, ನನ್ನ ನೋಡಿದ್ರು.

"ಈ ರಸ್ತೇನೂ ನೀನೇ ಅಳಿಸಿದ್ದಾ?"

ನನ್ನ ಪಿಆರ್ ಕಣ್ಣೆದುರಿಗೇ ಆ ಬಯಲಲ್ಲಿ ದೂರ ದೂರ ಹೋಗ್ತಿತ್ತು. ಬೆವರು ಒರೆಸ್ಕೊಂಡು ಮೇಡಂಗೆ ಫೋನ್ ಮಾಡಿ ಸ್ಪೀಕರಲ್ಲಿ ಹಾಕಿದೆ.

"ಎಲ್ಲಿದ್ದೀರಿ ಮಾರಾಯ್ರೆ, ಪೋರ್ಕ್ ಆರಿಹೋಗ್ತಾ ಉಂಟು! ಸೀದಾ ಬನ್ನಿ. ಬೇಲಿ ಹತ್ರ ಬಿಳಿ ಕುದುರೆ ನಿಲ್ತಿತ್ತು, ಅಲ್ಲಿ ಲೆಫ್ಟ್."

"ಕುದುರೆ ಕಾಣಿಸ್ತಿಲ್ಲ ಮೇಡಂ."

"ಈಗ ಹೇಗೆ ಕಾಣುವುದು? ಅದನ್ನು ಮೊನ್ನೆಯೇ ಕೊಂಡುಹೋದ್ರಲ್ಲ!"

ಅಜ್ಜ ಏನಂತೆ ಅಂದ್ರು. ಮಾನ ಹೋದ್ರೂ ಪರವಾಗಿಲ್ಲ ಅಂತ ಪೂರ್ತಿ ಇಂಗ್ಲಿಷಲ್ಲಿ ಹೇಳಿದೆ. ಅಜ್ಜನ ಮುಖ ಅರಳಿಬಿಡ್ತು. ಸೀಟಲ್ಲಿ ನೆಟ್ಟಗೆ ಕೂತು ಆ ಕಡೆ ಈ ಕಡೆ ನೋಡಿದ್ರು. ಒಂದು ಖಾಲಿ ಬೇಲಿ ಬಂತು.

"ಕುದುರೆ ಇಲ್ಲ. ಇದೇ ಜಾಗ. ತಿರುಗಿಸು!"

ತಿರುಗಿಸಿದೆ. ಮೇಡಂ ಸೌಟು ಹಿಡ್ಕೊಂಡು ಗೇಟಲ್ಲಿ ನಿಂತಿದ್ರು.

ಅಜ್ಜ ಮೂರು ಸಲ ಬಡಿಸ್ಕೊಂಡು ತಿಂದ್ರು. ಊರಿಗೆ ಹೋಗಿ ಕೌಂಟಿಯೋರಿಗೆ ಒಂದೇ ಮಾತು ಹೇಳಿದ್ರಂತೆ. "ಇವರನ್ನೇ ಇಟ್ಕೊಳ್ಳಿ. ನಮ್ಮ ಥರಾನೇ ದಾರಿ ಹೇಳ್ತಾರೆ." ಕಾಂಟ್ರಾಕ್ಟು ಉಳೀತು, ಪಿಆರೂ ಬಂತು. ಹೆಂಡತಿ ಕಾಶ್ಯಪ ಗೋತ್ರದ ಕೌಂಟಿಗೆ ಇನ್ನೊಂದು ಅರ್ಚನೆ ಮಾಡಿಸಿದ್ಲು. ಈಗಲೂ ಜನವರಿ ಸೆಖೆಯಲ್ಲಿ ಕಾಫಿ ಕೊಡ್ತಾ, "ಅಜ್ಜನ ಕೆರೆ ಗಟ್ಟಿಯಾಯ್ತಂತಾ?" ಅಂತ ವಿಚಾರಿಸ್ಕೋತಾಳೆ.

ಪಿಆರ್ ಬಂದ ಮೇಲೆ ಸಿಹಿ ಡಬ್ಬಿ ಹಿಡ್ಕೊಂಡು, ನಾನೂ ಹೆಂಡತಿಯೂ ಮೇಡಂ ಮನೆಗೆ ಥ್ಯಾಂಕ್ಸ್ ಹೇಳೋಕೆ ಹೋದ್ವಿ. ಆ ಕುದುರೆ ವಾಪಸ್ ಬಂದು ಬೇಲಿ ಹತ್ರ ನಿಂತಿತ್ತು. ಖಾಲಿ ಬೇಲಿ ಹುಡುಕ್ತಿದ್ದ ನಮಗೆ ಜಾಗದ ಗುರುತು ಸಿಗದೇ ಮುಂದೆ ಹೋಗಿಬಿಟ್ವಿ.