ಹಾಲಗುಂಪಿಯ ಕೂಲರ್ ಸಂಗ್ರಾಮ

ಓ ಸಮೀರಣನೇ, ಪವನನೇ, ಪ್ರಭಂಜನನೇ, ಸಾಗರವನ್ನು ಲಂಘಿಸಿದ ವಾನರವೀರನ ತಂದೆಯೇ, ಗದಾಪಾಣಿಯಾದ ವೃಕೋದರನ ಜನಕನೇ! ಮೂರು ಲೋಕಗಳನ್ನೂ ತಡೆಯಿಲ್ಲದೆ ಸುತ್ತುವ ನೀನು ಹಾಲಗುಂಪಿ ಎಂಬ ಊರಿನ ಸಮುದಾಯ ಭವನದೊಳಕ್ಕೆ ಮಾತ್ರ ಏಕೆ ಕಾಲಿಡಲಿಲ್ಲವೋ, ಅದನ್ನು ನೀನೇ ಬಲ್ಲೆ. ನೀನು ಬಾರದ ದೆಸೆಯಿಂದ ನಿನ್ನ ಸ್ಥಾನದಲ್ಲಿ ಬಾಡಿಗೆಗೆ ತಂದು ನಿಲ್ಲಿಸಿದ ಒಂದು ತಗಡಿನ ಪೆಟ್ಟಿಗೆಯ ನಿಮಿತ್ತವಾಗಿ ನಡೆದ ಮಹಾಸಂಗ್ರಾಮವನ್ನು ಹೇಳಲು ಹೊರಟಿದ್ದೇನೆ. ನನ್ನ ನಾಲಗೆಗೆ ಬಲ ಕೊಡು. ನಾಲಗೆಗೆ ಆಗದಿದ್ದರೆ ಬೆನ್ನಿಗಾದರೂ ಒಂದಿಷ್ಟು ಬೀಸು, ಬನಿಯನ್ನು ಮೈಗೆ ಅಂಟಿಕೊಂಡಿದೆ.

ಕಲಿಯುಗದ ಪ್ರಥಮ ಚರಣದಲ್ಲಿ, ಹಿಮಗಿರಿಗಳು ಕರಗಿ, ಸಾಗರಗಳು ಉಬ್ಬಿ, ಋತುಗಳು ತಮ್ಮ ತಮ್ಮ ಸರದಿಯನ್ನು ಮರೆತು ಒಬ್ಬರ ಮನೆಗೆ ಒಬ್ಬರು ನುಗ್ಗುತ್ತಿದ್ದ ಕಾಲದಲ್ಲಿ, ದೇಶದೇಶಗಳ ರಾಜಾಧಿರಾಜರೆಲ್ಲ ತಂಪಾದ ಸಭಾಂಗಣಗಳಲ್ಲಿ ಕಲೆತು ಭೂಮಂಡಲದ ಜ್ವರವನ್ನು ಕುರಿತು ಚಿಂತಿಸುತ್ತಿರಲಾಗಿ, ಆ ಚಿಂತೆಯು ರಾಜಧಾನಿಯಿಂದ ಜಿಲ್ಲೆಗೂ ಜಿಲ್ಲೆಯಿಂದ ತಾಲೂಕಿಗೂ ಇಳಿಯುತ್ತಾ ಇಳಿಯುತ್ತಾ, ಚೈತ್ರಮಾಸದ ಒಂದು ಮುಂಜಾನೆ ಸರಕಾರಿ ಜೀಪನ್ನೇರಿ ಹಾಲಗುಂಪಿಗೆ ಬಂದಿತು. ಜೀಪಿನ ನೆತ್ತಿಯ ಮೇಲಿದ್ದ ಮೈಕು ಸಾರಿತು: ಜಿಲ್ಲೆಯ ಹವಾಮಾನ ಯೋಜನೆಗಾಗಿ, ಪರಿಸರ ನ್ಯಾಯದ ದೃಷ್ಟಿಯಿಂದ, ಸಾರ್ವಜನಿಕರ ಅಹವಾಲು ಕೇಳಲಾಗುವುದು. ಯೋಜನೆಯಲ್ಲಿ ಏನು ಸೇರಬೇಕೋ ಅದನ್ನು ಸಭೆಯಲ್ಲಿ ಎದ್ದುನಿಂತು ಹೇಳತಕ್ಕದ್ದು. ಹೇಳಿದ್ದು ಸೇರುತ್ತದೆ, ಹೇಳದ್ದು ಸೇರುವುದಿಲ್ಲ.

ಹಾಲಗುಂಪಿಗೆ ಹೇಳುವುದಕ್ಕೆ ಒಂದೇ ಮಾತಿತ್ತು. ಅದನ್ನು ನಾನು ಅಲಂಕಾರ ಬಿಟ್ಟು ಹೇಳುತ್ತೇನೆ. ಊರಿನ ಪಕ್ಕದಲ್ಲಿ ಕಬ್ಬಿಣದ ಕಾರ್ಖಾನೆಯೊಂದು ಇದೆ. ಅದರ ಚಿಮಣಿಗೆ ಬೂದಿ ಹಿಡಿಯುವ ಯಂತ್ರವೂ ಇದೆ. ಆ ಯಂತ್ರ ಹಗಲು ನಾಲ್ಕು ಜನ ನೋಡುವಾಗ ನಡೆಯುತ್ತದೆ, ಕತ್ತಲಾದರೆ ಕರೆಂಟು ಉಳಿಸಲು ನಿಲ್ಲುತ್ತದೆ. ತಲೆತಲಾಂತರದಿಂದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುತ್ತಿದ್ದ ಊರು ಅದು. ಈಗ ಮಾಳಿಗೆಯ ಮೇಲೆ ಮಲಗಿದವರು ಬೆಳಗ್ಗೆ ಏಳುವಾಗ ಕಣ್ಣು ಮೂಗಿನಲ್ಲೆಲ್ಲ ಕರಿಬೂದಿ. ಅದಕ್ಕೆ ಹೆದರಿ ಎಲ್ಲರೂ ಕಿಟಕಿ ಬಾಗಿಲು ಜಡಿದು ಒಳಗೆ ಬೆಂದು ಹೋಗುತ್ತಾರೆ. ಕೂಸುಗಳು ಅಳುತ್ತವೆ, ಮುದುಕರು ಕೆಮ್ಮುತ್ತಾರೆ, ಯುಗಾದಿ ಕಳೆದ ಮೇಲೆ ಆ ಊರಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ. ಇದನ್ನು ಹೇಳುವಾಗ ನನಗೆ ಮೈ ಉರಿಯುತ್ತದೆ, ಉಪಮೆ ಗಿಪಮೆ ಹೊಳೆಯುವುದಿಲ್ಲ.

ಇನ್ನು ನಾಯಕಿಯ ವರ್ಣನೆ. ದ್ವಿಕರತಾಡಿತ-ಜೋಳಪಿಷ್ಟ-ಚಂದ್ರಮಂಡಲ-ನಿರ್ಮಾಣನಿಪುಣೆಯೂ, ಖಾನಾವಳಿಯ ಹೊಗೆಗೇ ಹೆದರದ ರಕ್ತಾಂತನೇತ್ರೆಯೂ, ಬಡಿದರೆ ಬೀದಿಯ ತುದಿಯವರೆಗೆ ಸದ್ದು ಕೇಳುವ ರೊಟ್ಟಿಗಳ ಜನನಿಯೂ ಆದ ಫಕೀರವ್ವನೆಂಬ ವೀರಾಂಗನೆ ಆ ಊರಿನ ಹೆಂಗಸರಿಗೆಲ್ಲ ಹಿರಿಯಳು. ಸಭೆಯಲ್ಲಿ ಆ ಒಂದು ಮಾತನ್ನು ಆಡುವ ಭಾರ ಅವಳ ಹೆಗಲಿಗೆ ಬಿತ್ತು. ಅವಳು ರೊಟ್ಟಿ ಬಡಿಯುತ್ತಲೇ ಮಾತನ್ನು ಬಾಯಿಪಾಠ ಮಾಡಿದಳು.

“ಬೂದಿ ಹಿಡಿಯೋ ಮಷೀನು ರಾತ್ರಿನೂ ನಡೀಬೇಕು. ಇಷ್ಟs ಹೇಳಿ ಕುಂದರತೀನಿ,” ಎಂದಳು. “ಭಾಷಣಾ ಮಾಡಾಕ ಹೋಗೂದಿಲ್ಲ. ಹೆಚ್ಚು ಮಾತಾಡಿದ್ರ ಅವರು ತಮಗ ಬೇಕಾದ್ದು ಅಷ್ಟs ಆರಿಸಿಕೊಂತಾರ.”

ಅವಳ ಸೇನಾಪತಿ ಗವಿಸಿದ್ದಪ್ಪ. ತ್ರಿಚಕ್ರರಥಾರೂಢನೂ, ಹಾರನ್‌ನಿನಾದಭೀಕರನೂ, ನಾಲ್ವರ ಆಸನದಲ್ಲಿ ಹನ್ನೊಬ್ಬರನ್ನು ತುಂಬುವ ಮಾಯಾವಿಯೂ ಆದ ಈ ಟಂಟಂ ಚಾಲಕನು ತೋಳು ಮಡಚಿ ಗರ್ಜಿಸಿದನು: “ನೀ ಮಾತಾಡಬೇ ಯವ್ವಾ, ಉಳಿದದ್ದು ನನಗ ಬಿಡು. ಯಾವ ಸಾಹೇಬ ಬರ್ಲಿ, ಯಾವ ಜೀಪ್ ಬರ್ಲಿ, ನಾ ಎದಿ ಕೊಟ್ಟು ನಿಂದರತೀನಿ!”

ಸಭೆಯ ದಿನ ಬಂದಿತು. ಸಮುದಾಯ ಭವನದ ತಗಡಿನ ಚಾವಣಿಯು ದ್ವಾದಶಾದಿತ್ಯರನ್ನು ಒಮ್ಮೆಗೇ ಹೊತ್ತಂತೆ ಕಾದಿತ್ತು. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಾಲಗುಂಪಿಯ ಸೈನ್ಯ. ಮೇಲೆ ವೇದಿಕೆಯಲ್ಲಿ ಸಭಾಧ್ಯಕ್ಷರಾದ ಪಂಚಾಕ್ಷರಿ ಸಾಹೇಬರು, ಫೋಟೋಕ್ಕೆಂದು ಕೋಟು ತೊಟ್ಟು, ಆ ಕೋಟಿನೊಳಗೆ ತಾವೇ ಒಂದು ಸಣ್ಣ ಕುಲುಮೆಯಾಗಿ ಕುಳಿತಿದ್ದರು. ಅವರ ಬಲಗಡೆಯಲ್ಲಿ, ಶಾಮಿಯಾನ ಅಂಗಡಿಯ ಬಾಷುಸಾಬನು ಬಾಡಿಗೆಗೆ ಕೊಟ್ಟ, ಜಲಗರ್ಭನೂ ಹುಲ್ಲುಕವಚಧರನೂ ಗುಡುಗುಕಂಠನೂ ಆದ ಕೂಲರ್ ಮಹಾಶಯನು ವೇದಿಕೆಗೆ ಮುಖವನ್ನೂ ಪ್ರಜೆಗಳಿಗೆ ಬೆನ್ನನ್ನೂ ಕೊಟ್ಟು ನಿಂತಿದ್ದನು.

ನಮ್ಮ ಕಡೆ ಯಾವ ಸಭೆಯಾದರೂ ದೀಪ ಬೆಳಗದೆ ಶುರುವಾದದ್ದುಂಟೇ? ಬಿಸಿಲ ಬೇಗೆಯ ಕುರಿತ ಸಭೆಯಾದರೇನು, ದೀಪವಂತೂ ಬೇಕು. ಕೂಲರನ್ನು ನಿಲ್ಲಿಸಿ, ಐದು ಬತ್ತಿಯ ಹಿತ್ತಾಳೆಯ ದೀಪವನ್ನು ಐದು ಜನ ಗಣ್ಯರು ಒಂದೊಂದೇ ಬತ್ತಿಯಂತೆ ಬೆಳಗಿದರು. ಚಪ್ಪಾಳೆ ಬಿತ್ತು. ಕೂಲರು ಮತ್ತೆ ಗುಡುಗಿತು. ಗುಡುಗಿದ್ದೇ ತಡ ಐದೂ ಜ್ವಾಲೆಗಳು ಒಟ್ಟಿಗೆ ಮಲಗಿ, ಸಾಷ್ಟಾಂಗ ಹಾಕಿ, ಪ್ರಾಣ ಬಿಡುವ ಹಂತಕ್ಕೆ ಬಂದವು. ಆಗ ಗುಮಾಸ್ತ ತಿರುಕಪ್ಪನು ಓಡಿಬಂದು ಒಂದು ದಪ್ಪ ಫೈಲನ್ನು ಗುರಾಣಿಯಂತೆ ಹಿಡಿದು ದೀಪಕ್ಕೂ ಗಾಳಿಗೂ ನಡುವೆ ನಿಂತನು. ಅಂದಿನ ದಿನ ಅವನ ಕೆಲಸವೇ ಅದಾಯಿತು.

ಸ್ವಾಗತವಾಯಿತು, ಪ್ರಾಸ್ತಾವಿಕವಾಯಿತು. ಗೋಡೆಯ ಮೇಲೆ ಚಿತ್ರಗಳು ಮೂಡಿದವು. ಕರಗುವ ಹಿಮದ ತುಣುಕಿನ ಮೇಲೆ ಒಂಟಿಯಾಗಿ ನಿಂತ ಬಿಳಿಯ ಕರಡಿಯನ್ನು ಸಾಹೇಬರು ಕೋಲಿನಿಂದ ತೋರಿಸಿ, “ಈ ಪ್ರಾಣಿಗೆ ಈಗ ಮಲಗಲು ಜಾಗ ಉಳಿದಿಲ್ಲ” ಎಂದು ಕಳವಳದಿಂದ ನುಡಿದರು.

“ಪಾಪ, ಅದಕ್ಕೂ ನಿದ್ದಿಲ್ಲ ನೋಡs,” ಎಂದು ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಂಡು ಲೊಚಗುಟ್ಟಿದರು.

ಅಹವಾಲಿನ ಸರದಿ ಇನ್ನೂ ದೂರವಿತ್ತು. ಧಗೆಗೆ ಮೊದಲನೆಯ ಸಾಲಿನ ಮುದುಕಿಯೊಬ್ಬಳು ಪಕ್ಕದವಳ ಹೆಗಲಿಗೆ ವಾಲಿದಳು. ಅದನ್ನು ಕಂಡದ್ದೇ ಗವಿಸಿದ್ದಪ್ಪನ ಹೃದಯಾರಣ್ಯದಲ್ಲಿ ಕ್ರೋಧದಾವಾನಲ ಹೊತ್ತಿಕೊಂಡಿತು. ಅವನ ಮನದಲ್ಲಿ ಮೂಡಿದ ವೀರವಾಣಿ ಹೀಗಿತ್ತು: ‘ಎಲೈ ಶೀತಮಾರುತಾಪಹಾರಿಗಳಿರಾ, ಪ್ರಜೆಗಳ ಪಾಲಿನ ಪವನವನ್ನು ಪೀಠಸ್ಥರಾಗಿ ಪಾನಮಾಡುತ್ತಿರುವ ನಿಮ್ಮ ದರ್ಪವನ್ನು ಇದೋ ಧೂಳೀಪಟ ಮಾಡುವೆನು!’ ವೇದಿಕೆಯ ಹತ್ತಿರ ಹೋದ ಮೇಲೆ ಬಾಯಿಂದ ಹೊರಟದ್ದು ಮಾತ್ರ ಇಷ್ಟು: “ಸರ, ಕೂಲರ್ ಸ್ವಲ್ಪ ಈ ಕಡಿ ಹೊಳ್ಳಸ್ತೀರೇನ್ರಿ?”

“ಪ್ರೋಟೊಕಾಲ್ ಐತಪಾ,” ಎಂದನು ತಿರುಕಪ್ಪ, ಫೈಲು ಅಲುಗಿಸದೆ.

ಗವಿಸಿದ್ದಪ್ಪನು ಆ ಅಸ್ತ್ರದ ಹೆಸರನ್ನು ಮೊದಲ ಬಾರಿಗೆ ಕೇಳಿದ್ದನಾಗಿ ಎರಡು ಹೆಜ್ಜೆ ಹಿಂದೆ ಸರಿದನು. ಆಮೇಲೆ ನಾಚಿಕೆಯಾಗಿ, ಮುನ್ನುಗ್ಗಿ ಕೂಲರಿನ ಕೊರಳಿಗೆ ಕೈಹಾಕಿದನು. ಬಾಷುಸಾಬನು ಅದರ ಬೆನ್ನನ್ನು ತಬ್ಬಿದನು. ಒಬ್ಬನು ಪೂರ್ವಕ್ಕೂ ಒಬ್ಬನು ಪಶ್ಚಿಮಕ್ಕೂ ಎಳೆಯುತ್ತಿರಲು, ದೇವದಾನವರು ಎಳೆದಾಡಿದ ಮಂದರಗಿರಿಯಂತೆ ಆ ಪೆಟ್ಟಿಗೆಯು ಗಿರಗಿರನೆ ತಿರುಗಿ, ಒಳಗಿನ ನೀರು ತುಳುಕಿ, ಇಬ್ಬರ ಪಾದಗಳನ್ನೂ ತೊಳೆಯಿತು.

“ಏ, ಬಿಡಪಾ! ಬಾಡಿಗಿ ಕೂಲರ್ ಐತಿ!” ಎಂದು ಬಾಷುಸಾಬ ಕೂಗಿದನು. “ಮದಿವ್ಯಾಗ ಕೂಲರ್ ಯಾವಾಗಲೂ ಬೀಗರ ಕಡಿ ಇರತೈತಿ. ಇಲ್ಲಿ ಬೀಗರು ಅಂದ್ರ ಸಾಹೇಬ್ರು.”

“ಬೀಗರು ಅವರಾದ್ರ ಹೆಣ್ಣು ಯಾರ ಮನೀದಲೇ?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಸಭೆ ಗೊಳ್ಳೆಂದಿತು. ಪಂಚಾಕ್ಷರಿ ಸಾಹೇಬರು ಮೇಜು ಕುಟ್ಟಿ ಶಾಂತಿ, ಶಾಂತಿ ಎಂದರು. ಶಾಂತಿಯೇನೋ ಬಂದಿತು, ಕೂಲರು ಮಾತ್ರ ಮತ್ತೆ ವೇದಿಕೆಯ ಕಡೆಗೇ ತಿರುಗಿ ನಿಂತಿತು.

ಆಗ ಫಕೀರವ್ವ ಎದ್ದಳು. ಅವಳ ಕಣ್ಣು ಕೂಲರಿನ ಮೇಲೂ ಇರಲಿಲ್ಲ, ಸಾಹೇಬರ ಮೇಲೂ ಇರಲಿಲ್ಲ. ಜಗ್ಗಾಟದಲ್ಲಿ ಫೈಲು ಓರೆಯಾಗಿ, ಐದು ಬತ್ತಿಗಳಲ್ಲಿ ನಾಲ್ಕು ಆರಿ, ಒಂದೇ ಒಂದು ಹೊಗೆಯಾಡುತ್ತಾ ಉಸಿರು ಹಿಡಿದಿತ್ತು. ಅವಳು ಅದಕ್ಕೆ ಕೈಮುಗಿದಳು.

“ಸಾಹೇಬ್ರ, ನಾವು ಧಗಿ ತಡಕೊಂತೀವ್ರಿ, ನಮಗ ರೂಢಿ ಐತಿ. ಆದ್ರ ನಿಮ್ಮ ಕೈಯಾರೆ ಹಚ್ಚಿದ ದೀಪ ನಿಮ್ಮ ಕಣ್ಣೆದುರಿಗೇ ಆರಾಕ ಹತ್ತೈತಿ. ಇದು ಯಾರಿಗೆ ಒಳ್ಳೇದ್ರಿ? ನಮಗಂತೂ ಅಲ್ಲ. ಹಚ್ಚಿದವರಿಗೆ ಏನಾಕ್ಕೈತೋ ಆ ದೇವರಿಗೇ ಗೊತ್ತು.”

ಸಾವಿರ ಪ್ರೋಟೊಕಾಲುಗಳನ್ನು ಪುಡಿಗುಟ್ಟಬಲ್ಲ ಅಸ್ತ್ರವದು. ಐದು ಜನ ಗಣ್ಯರೂ ತಾವು ತಾವು ಬೆಳಗಿದ ಬತ್ತಿ ಯಾವುದೆಂದು ಬಗ್ಗಿ ನೋಡಿದರು. ನಾಲ್ವರ ಮುಖ ಕಪ್ಪಿಟ್ಟಿತು. ಐದನೆಯವರಾದ ಪಂಚಾಕ್ಷರಿ ಸಾಹೇಬರ ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಗಿತ್ತು. ಉಳಿದಿದ್ದ ಬತ್ತಿ ಅವರದೇ.

“ಏ ತಿರುಕಪ್ಪಾ, ಹೊಳ್ಳಸು ಅದನ್ನ ಆ ಕಡಿ! ಲಗೂನ!” ಎಂದು ಅವರು ಕೂಗಿದರು.

ಕೂಲರು ತಿರುಗಿತು. ಜಯಘೋಷ ಮೊಳಗಿತು. ಗವಿಸಿದ್ದಪ್ಪ ಶಿಳ್ಳೆ ಹಾಕಿದನು. ಮೇಲಿನಿಂದ ದೇವತೆಗಳು ಪುಷ್ಪವೃಷ್ಟಿ ಮಾಡಿದರೆಂದು ಹೇಳುವ ಆಸೆ ನನಗಿದೆ. ಬಿದ್ದದ್ದು ಚಾವಣಿಯ ಸಂದಿಯ ಬೂದಿ.

ಹುಲ್ಲಿನ ವಾಸನೆಯ ಆ ತಣ್ಣನೆಯ ಗಾಳಿ ಮೊದಲ ಸಾಲಿಗೆ ಬಂದಿತು, ಎರಡನೆಯದಕ್ಕೆ ಬಂದಿತು, ಬೆವೆತ ಕುತ್ತಿಗೆಗಳನ್ನು ಸವರಿತು. ತಿಂಗಳುಗಟ್ಟಲೆ ಅಂಥ ಗಾಳಿ ಕಾಣದ ಜನ ಅವರು. ಮುದುಕಿ ಮೊದಲು ಒರಗಿದಳು. ಈ ಸಲ ಧಗೆಗಲ್ಲ. ಅವಳ ಮಡಿಲಿನಲ್ಲಿ ಅಷ್ಟು ಹೊತ್ತೂ ರಚ್ಚೆ ಹಿಡಿದಿದ್ದ ಕೂಸು ಬಾಯಿ ತೆರೆದು ಮಲಗಿತು. ಎಡಗಡೆಯವರು ಬಲಕ್ಕೂ ಬಲಗಡೆಯವರು ಎಡಕ್ಕೂ ವಾಲಿದರು. ಎದೆ ಕೊಟ್ಟು ನಿಲ್ಲುವೆನೆಂದಿದ್ದ ಗವಿಸಿದ್ದಪ್ಪನು ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ಗೊರಕೆ ಹೊಡೆದನು. ಕುರುಕ್ಷೇತ್ರದಲ್ಲಿಯೂ ಗೆದ್ದವರು ಮಲಗಿದ್ದಾಗಲೇ ಅನಾಹುತವಾದದ್ದು, ನೆನಪಿರಲಿ.

ಫಕೀರವ್ವ ಮಾತ್ರ ಕಾದಳು. ತೊಡೆ ಚಿವುಟಿಕೊಂಡಳು, ತುಟಿ ಕಚ್ಚಿದಳು, ತನ್ನ ಮಾತನ್ನು ಮಂತ್ರದಂತೆ ಜಪಿಸಿದಳು: “ಬೂದಿ ಹಿಡಿಯೋ ಮಷೀನು ರಾತ್ರಿನೂ... ಮಷೀನು ರಾತ್ರಿ... ರಾತ್ರಿ...” ರೊಟ್ಟಿ ಬಡಿಯುವ ಎರಡೂ ಕೈಗಳು ಮಡಿಲಲ್ಲಿ ಅಂಗಾತ ಬಿದ್ದವು.

ಕರಡಿಯ ಚಿತ್ರ ಮುಗಿಯಿತು. “ಸಾರ್ವಜನಿಕರು ತಮ್ಮ ಅಹವಾಲು ಹೇಳಬಹುದು,” ಎಂದರು ಸಾಹೇಬರು. ಯಾರೂ ಏಳಲಿಲ್ಲ. ಎರಡನೆಯ ಸಲ ಕೇಳಿದರು. ಒಂದು ಗೊರಕೆ ಏರಿ ಇಳಿಯಿತು. ಪಂಚಾಕ್ಷರಿ ಸಾಹೇಬರು ದುಷ್ಟರಲ್ಲ. ದುಷ್ಟರಾಗಿದ್ದರೆ ನನ್ನ ಕಥೆಗೆ ಅನುಕೂಲವಿತ್ತು. ಮಲಗಿದ ಕೂಸನ್ನು ನೋಡಿ ಅವರಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಪ್ರವಾಸಿ ಮಂದಿರದಲ್ಲಿ ಊಟ ಆರುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು. ಮೂರನೆಯ ಸಲ ಅವರು, ಮಲಗಿದವರಿರುವ ಮನೆಯಲ್ಲಿ ಮಾತಾಡುವಂತೆ, ಪಿಸುಗುಟ್ಟಿ ಕೇಳಿದರು. ತಿರುಕಪ್ಪ ಬರೆದುಕೊಂಡನು: ಸಾರ್ವಜನಿಕರಿಂದ ಯಾವುದೇ ಅಹವಾಲು ಇರುವುದಿಲ್ಲ, ಸಭೆ ಶಾಂತಿಯುತವಾಗಿ ಮುಕ್ತಾಯವಾಯಿತು. ವಂದನಾರ್ಪಣೆಯನ್ನೂ ಮೆಲುದನಿಯಲ್ಲೇ ಮುಗಿಸಿದರು.

ಸಂಜೆಯ ಮದುವೆಯೊಂದಕ್ಕೆ ಕೂಲರು ಹೋಗಬೇಕಿತ್ತು. ಬಾಷುಸಾಬನು ಪ್ಲಗ್ ಕಿತ್ತನು. ಗಾಳಿ ನಿಂತಿತು, ಧಗೆ ಮೇಲೆರಗಿತು, ಫಕೀರವ್ವ ಧಡಕ್ಕನೆ ಎದ್ದು ಕೂತಳು. ಎದುರಿನ ವೇದಿಕೆ ಖಾಲಿ. ಅವಳು ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಓಡಿದಾಗ ಸಾಹೇಬರು ಜೀಪಿನಲ್ಲಿ ಕೋಟು ಬಿಚ್ಚುತ್ತಿದ್ದರು.

“ಸಾಹೇಬ್ರ, ನಂದೊಂದು ಮಾತಿತ್ರೀ!”

“ಸಭಾ ಮುಗೀತಲ್ಲವಾ. ಮೂರು ಸಲ ಕೇಳಿದೆ, ಬಾಯಿಬಿಟ್ಟು ಕೇಳಿದೆ. ಎಲ್ಲಾರೂ ಹಿಂಗ ಮಕ್ಕೊಂಡ್ರ ನಾ ಏನು ಮಾಡ್ಲಿ? ರಾತ್ರಿ ಮನ್ಯಾಗ ನಿದ್ದಿ ಮಾಡೂದಿಲ್ಲೇನು ನೀವು?”

“ಇಲ್ರೀ,” ಎಂದಳು ಫಕೀರವ್ವ. “ಅದನ್ನs ಹೇಳಾಕ ಬಂದಿದ್ವಿ.”

ಸಾಹೇಬರ ಕೈ ಕೋಟಿನ ತೋಳಿನಲ್ಲೇ ನಿಂತಿತು. ಅವರು ತಿರುಕಪ್ಪನನ್ನು ನೋಡಿದರು, ತಿರುಕಪ್ಪ ಮುಚ್ಚಿದ ಫೈಲನ್ನು ನೋಡಿದನು. “ಮುಂದಿನ ಸಭಾದಾಗ ಹೇಳ್ರಿ,” ಎಂದರು ಸಾಹೇಬರು, ಅವಳ ಮುಖ ನೋಡದೆ. ಜೀಪು ಹೊರಟಿತು. ಮುಂದಿನ ಸಭೆ ಯಾವಾಗ ಎಂದು ಕೇಳುವಷ್ಟರಲ್ಲಿ ಅದು ತಿರುವು ದಾಟಿತ್ತು.

ಈ ಪುಣ್ಯಕಥೆಯನ್ನು ಕೇಳಿದವರಿಗೆ ಐಶ್ವರ್ಯ ಬರುತ್ತದೆ, ಸಂತಾನವಾಗುತ್ತದೆ ಎಂದೆಲ್ಲ ನಾನು ಹೇಳಲಾರೆ. ಶೀತಮಾರುತವನ್ನು ಜಯಿಸಿದ ಆ ಮಹಾಸೈನ್ಯವು ಕಣ್ಣುಜ್ಜಿಕೊಳ್ಳುತ್ತಾ, ಕೂಸುಗಳನ್ನು ಕಂಕುಳಿಗೆ ಏರಿಸಿಕೊಂಡು, ಬಿಸಿಲಿನಲ್ಲಿ ಮನೆಯ ಕಡೆಗೆ ಹೊರಟಿತು. ಗವಿಸಿದ್ದಪ್ಪನು ತಲೆ ತಗ್ಗಿಸಿ ಫಕೀರವ್ವನ ಪಕ್ಕದಲ್ಲಿ ನಡೆದನು.

“ಗೆದ್ದು ಸೋತ್ವಲ್ಲಬೇ ಯವ್ವಾ,” ಎಂದನು.

ಫಕೀರವ್ವನಿಗೆ ಒಂದು ದೊಡ್ಡ ಆಕಳಿಕೆ ಬಂದಿತು, ಅದನ್ನು ತಡೆಯಲಿಲ್ಲ.

“ಸೋತಿದ್ದು ಖರೇನ,” ಎಂದಳು. “ಆದ್ರ ನಿದ್ದಿ ಮಾತ್ರ ಚೊಲೋ ಆತಲೇ.”