ಎರಡು ಕಿಲೋ ಹಗುರ

ಹದಿನೇಳು ದಿನಗಳಿಂದ ಮೋಟಾರ್ ಸೈಕಲ್ಲು ತಾನಾಗಿ ಎದ್ದಿರಲಿಲ್ಲ. ಅದಕ್ಕಾಗಿ ಪುರಾವೆರಾಯರಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ಅವರ ಸಿಟ್ಟೆಲ್ಲ ಮನೆಯವರ ಮೇಲಿತ್ತು. ಹೊಸ ಬ್ಯಾಟರಿ ಸೀಸದ್ದಾಗಬೇಕೋ ಲಿಥಿಯಂನದ್ದಾಗಬೇಕೋ ಎಂಬ ಗಹನವಾದ ಪ್ರಶ್ನೆಯನ್ನು ಇವರು ಮೈಸೋಪು ಕೊಳ್ಳುವಷ್ಟು ಸಲೀಸಾಗಿ ಕಾಣುತ್ತಾರಲ್ಲ!

ಪುರಾವೆರಾಯರು ಎಂಬುದು ಹುಟ್ಟುಹೆಸರಲ್ಲ. ಕಾಲೇಜೊಂದರ ಗ್ರಂಥಪಾಲಕರಾದ ಅವರು ತಮ್ಮ ನಲವತ್ತಾರು ವರ್ಷಗಳ ಬಾಳಿನಲ್ಲಿ "ಪುರಾವೆ ಏನು?" ಎಂದು ಕೇಳದೆ ಒಪ್ಪಿಕೊಂಡ ಸಂಗತಿ ಒಂದೇ ಒಂದು: ತಮ್ಮ ಬುದ್ಧಿವಂತಿಕೆ. ಹೆಸರಿಟ್ಟವಳು ಹೆಂಡತಿ, ಅದನ್ನು ಬೀದಿಗೆಲ್ಲ ಹಂಚಿದವನು ಮೂಲೆಯ ಇಸ್ತ್ರಿ ಅಂಗಡಿಯವನು.

ಗಾಡಿಯ ಹಳೆಯ ಬ್ಯಾಟರಿ ಬಟನ್ ಒತ್ತಿದರೆ 'ಟಿಕ್ ಟಿಕ್' ಎಂದು ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಕಂಪನಿಯವರು ಆ ಮಾದರಿಗೆ ಕಿಕ್ಕರನ್ನೇ ಕೊಟ್ಟಿರಲಿಲ್ಲವಾದ್ದರಿಂದ ದಿನವೂ ಬೆಳಗ್ಗೆ ತಳ್ಳುವ ಮಹೋತ್ಸವ. ಯಾರು ತಳ್ಳಬೇಕು, ಯಾರು ಕೂರಬೇಕು ಎಂಬುದನ್ನು ರಾಯರು ಭೌತಶಾಸ್ತ್ರದ ಪ್ರಕಾರವೇ ತೀರ್ಮಾನಿಸಿದರು: ಹಗುರವಾದವರು ಕೂರಬೇಕು. ಅವರ ತೂಕ ಎಂಬತ್ತೆರಡು, ಹೆಂಡತಿಯದು ಐವತ್ತಮೂರು. ಹೀಗೆ ವಿಜ್ಞಾನದ ಗೌರವ ಕಾಪಾಡಲು ಅವರೇ ತಳ್ಳತೊಡಗಿದರು. ಕಾಲೇಜಿನ ದಿನಗಳಲ್ಲಿ ಪಡೆದ ಲೈಸೆನ್ಸನ್ನು ಪರ್ಸಿನಲ್ಲೇ ಬೆಚ್ಚಗಿಟ್ಟಿದ್ದ ಹೆಂಡತಿ ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ಕೂತು, ವೇಗ ಬಂದೊಡನೆ ಬಿಡುತ್ತಿದ್ದಳು. ಮೊದಲ ದಿನ ಗಾಡಿ ಕೆಮ್ಮಿ, ಕುಪ್ಪಳಿಸಿ, ಲೈಟುಕಂಬದ ಹತ್ತಿರ ನಿಂತಿತು. ಹತ್ತನೆಯ ದಿನ ಇಸ್ತ್ರಿ ಅಂಗಡಿ ದಾಟಿತು. ಹದಿನೈದನೆಯ ದಿನ ಆಕೆ ನೀರಿನ ಟ್ಯಾಂಕಿಗೆ ಒಂದು ಸುತ್ತು ಹಾಕಿ, ತಿರುವಿನಲ್ಲಿ ಇಂಡಿಕೇಟರ್ ಕೂಡ ಹಾಕಿಕೊಂಡು ವಾಪಸಾದಳು. (ರಾಯರು ಅಷ್ಟು ಹೊತ್ತು ಮೊಣಕಾಲು ಹಿಡಿದು ಏದುಸಿರು ಬಿಡುತ್ತಿದ್ದರು. ಆಮೇಲೆ ಟಿಪ್ಪಣಿ ಪುಸ್ತಕದಲ್ಲಿ, 'ಹೆಚ್ಚು ದೂರ ಓಡಿದಷ್ಟೂ ಚಾರ್ಜಿಗೆ ಒಳ್ಳೆಯದು' ಎಂದಷ್ಟೇ ಬರೆದುಕೊಂಡರು.)

ಆ ಸಂಜೆ ಅವರು ಹಳೆಯ ಬ್ಯಾಟರಿಯನ್ನು ಕಳಚಿ ತಂದು ಅಡುಗೆಮನೆಯ ತಕ್ಕಡಿಯ ಮೇಲೆ ಪ್ರತಿಷ್ಠಾಪಿಸಿದರು.

"ಈರುಳ್ಳಿ ತೂಗೋ ತಕ್ಕಡಿ ಕಣೋ ಅದು!" ಎಂದು ಅವರ ತಾಯಿ ಕೂಗಿದರು. "ಆಸಿಡ್ ಡಬ್ಬ ತಂದು ಕೂರಿಸಿದ್ದೀಯಲ್ಲ!"

"ಕೆಳಗೆ ಕಾಗದ ಹಾಕಿದ್ದೀನಮ್ಮ."

"ಅಯ್ಯೋ, ಆ ಕಾಗದ ನನ್ನ ಇಂಟರ್‌ವ್ಯೂ ಪತ್ರ ಕಣ್ರೀ!" ಹೆಂಡತಿ ಹಾರಿಬಂದು ಎಳೆದುಕೊಂಡಳು. ಆಗಲೇ ಅದರಲ್ಲೊಂದು ತೂತು ಬಿದ್ದಿತ್ತು. ಪುಣ್ಯಕ್ಕೆ ದಿನಾಂಕ ಉಳಿದು 'ಶುಭ ಹಾರೈಕೆಗಳೊಂದಿಗೆ' ಎಂಬುದು ಮಾತ್ರ ಸುಟ್ಟುಹೋಗಿತ್ತು.

ಹನ್ನೊಂದು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಊರಿನವರ ರಕ್ತ ಪರೀಕ್ಷಿಸಿದ ಮೇಲೆ ಆಕೆಗೆ ಪ್ರಯೋಗಾಲಯದ ಮುಖ್ಯಸ್ಥೆಯ ಹುದ್ದೆಗೆ ಕರೆ ಬಂದಿತ್ತು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಗುಡ್ಡದಾಚೆಯ ದೊಡ್ಡ ಆಸ್ಪತ್ರೆಯಲ್ಲಿ. ತಡವಾದವರಿಗೆ ಪ್ರವೇಶವಿಲ್ಲ. ಅಲ್ಲಿಗೆ ಮೊದಲ ಬಸ್ಸು ಮುಟ್ಟುವುದೇ ಒಂಬತ್ತೂವರೆಗೆ.

"ನಾನೇ ಕರ್ಕೊಂಡು ಹೋಗ್ತೀನಿ ಅಂತ ಹೇಳಿದ್ದೀನಲ್ಲ" ಎಂದರು ರಾಯರು.

"ಹೇಗೆ? ಗುಡ್ಡದವರೆಗೂ ತಳ್ಕೊಂಡಾ? ಯಾವುದಾದ್ರೂ ಒಂದು ಬ್ಯಾಟರಿ ತಂದು ಹಾಕ್ರೀ!"

"ಯಾವುದಾದ್ರೂ ಒಂದು ಅನ್ನೋ ಮಾತೇ ಅವೈಜ್ಞಾನಿಕ. ನೋಡು, ಸೀಸದ್ದು ಅಗ್ಗ, ಹೇಗೆ ನಡೆಸಿಕೊಂಡ್ರೂ ಸಹಿಸುತ್ತೆ. ಆದ್ರೆ ಮೈಭಾರ ಜಾಸ್ತಿ, ಯಾರೂ ವಿಚಾರಿಸದಿದ್ರೆ ಒಳಗೊಳಗೇ ಸೊರಗುತ್ತೆ. ಲಿಥಿಯಂ ದುಬಾರಿ, ಚಳಿ ಅಂದ್ರೆ ಆಗಲ್ಲ, ಅದಕ್ಕೆ ಬೇಕಾದ ಹಾಗೇ ನಡೆದುಕೊಳ್ಳಬೇಕು. ಆದ್ರೆ ಹಗುರ."

"ಅಂದ್ರೆ ಮೊದಲನೇದು ಅತ್ತೆ ಥರ, ಎರಡನೇದು ನಿಮ್ಮ ಥರ. ಹಗುರ ಅನ್ನೋದೊಂದು ಬಿಟ್ಟು."

"ತಮಾಷೆ ಅಲ್ಲ. ಪೂರ್ತಿ ಎರಡು ಕಿಲೋ ಉಳಿಯುತ್ತೆ!"

ಹೆಂಡತಿ ಬ್ಯಾಟರಿಯನ್ನು ಕೆಳಗಿಳಿಸಿ, ರಾಯರ ಚೀಲವನ್ನೆತ್ತಿ ತಕ್ಕಡಿಯ ಮೇಲಿಟ್ಟಳು. ಬ್ಯಾಟರಿಗಳ ಬಗ್ಗೆ ಅವರು ಕಲೆಹಾಕಿದ್ದ ಲೇಖನಗಳ ಪ್ರತಿಗಳು ಮೂರು ಕಿಲೋ ನಾನೂರು ಗ್ರಾಂ ತೂಗಿದವು.

ಬುಧವಾರ ಸಂಜೆ, ಇನ್ನೂ ಎರಡು ಲೇಖನ ಓದುವುದು ಬಾಕಿಯಿರುವಾಗಲೇ, ಹೆಂಡತಿ ಅವರನ್ನು ಮೆಕ್ಯಾನಿಕ್ ಅಂಗಡಿಗೆ ಹೊರಡಿಸಿದಳು. ರಾಯರು ಲಿಥಿಯಂಗೆ ತೀರ್ಪು ಕೊಟ್ಟರು. ಮೆಕ್ಯಾನಿಕ್ ಎರಡು ತಿರುಪು ಬಿಗಿದು, ಕೈ ಒರೆಸಿಕೊಳ್ಳುತ್ತ ಹೇಳಿದ:

"ಒಂದು ವಿಷಯ ಸಾರ್. ಚಳಿ ಇರೋ ಬೆಳಗ್ಗೆ ಬಟನ್ ಒತ್ತೋಕೆ ಮುಂಚೆ ಎರಡು ನಿಮಿಷ ಹೆಡ್‌ಲೈಟ್ ಹಾಕಿಬಿಡಿ. ಬ್ಯಾಟರಿಗೆ ಎಚ್ಚರ ಆಗ್ಲಿ."

"ಎಚ್ಚರ? ಬ್ಯಾಟರಿಗೆ ನಿದ್ದೆ ಬೇರೆ ಬರುತ್ತೇನಪ್ಪಾ?" ರಾಯರು ಕನ್ನಡಕ ಸರಿಮಾಡಿಕೊಂಡರು. "ಇರೋ ಶಕ್ತಿಯನ್ನು ದೀಪಕ್ಕೆ ಸುರಿದರೆ ಶಕ್ತಿ ಹೆಚ್ಚಾಗುತ್ತೆ ಅಂತೀಯಾ? ಪುರಾವೆ ಏನು?"

"ಪುರಾವೆ ಗೊತ್ತಿಲ್ಲ ಸಾರ್. ಗಾಡಿ ಸ್ಟಾರ್ಟ್ ಆಗುತ್ತೆ."

ದಾರಿಯುದ್ದಕ್ಕೂ ರಾಯರು ನಕ್ಕರು. ಮನೆಗೆ ಬಂದು, ಹೆಂಡತಿಗೂ ಅದನ್ನು ಹೇಳಿ ನಕ್ಕು, ಟಿಪ್ಪಣಿ ಪುಸ್ತಕದ 'ನಮ್ಮ ನಡುವಿನ ಮೌಢ್ಯಗಳು' ಎಂಬ ಭಾಗದಲ್ಲಿ ಅದನ್ನು ನಲವತ್ತೊಂದನೆಯದಾಗಿ ನಮೂದಿಸಿದರು. ಹೆಂಡತಿ ನಗಲಿಲ್ಲ, ಏನನ್ನೋ ಯೋಚಿಸುತ್ತ ಸೀರೆಗೆ ಇಸ್ತ್ರಿ ಮಾಡಿದಳು.

ಗುರುವಾರ ಬೆಳಗ್ಗೆ ಎದುರುಮನೆ ಕಾಣದಷ್ಟು ಮಂಜು. ಎಂಟು ಹೊಡೆದಿತ್ತು. ಮಫ್ಲರು, ಕೈಗವಸು, ಸ್ವೆಟರಿನ ಮೇಲೊಂದು ಸ್ವೆಟರು ಧರಿಸಿ, ದಂಡಯಾತ್ರೆಗೆ ಹೊರಟವರಂತೆ ರಾಯರು ಗಾಡಿಯೇರಿ ಬಟನ್ ಒತ್ತಿದರು. ಇಂಜಿನ್ನು 'ಊಂ...' ಎಂದು ಮಗ್ಗುಲು ಬದಲಿಸಿ ಮಲಗಿತು.

"ಇನ್ನೊಂದ್ಸಲ ಒತ್ತಿ" ಎಂದಳು ಹೆಂಡತಿ.

"ಯಾರೂ ಮುಟ್ಟಕೂಡದು! ಈಗ ಬ್ಯಾಟರಿ ಯಾವ ಸ್ಥಿತಿಯಲ್ಲಿದೆ ಅಂತ ದಾಖಲಾಗಬೇಕು. ನಾಳೆ ಅಂಗಡಿಯವನು ಕೇಳಿದ್ರೆ ಏನು ತೋರಿಸ್ತೀಯಾ?" ಎನ್ನುತ್ತ ರಾಯರು ವೋಲ್ಟೇಜ್ ಅಳೆಯುವ ಮೀಟರಿಗಾಗಿ ಒಳಗೆ ಓಡಿದರು. ಮೀಟರು ಸಿಕ್ಕಿತು, ಅದರ ತಂತಿ ಸಿಗಲಿಲ್ಲ. ತಂತಿ ಸಿಕ್ಕಾಗ ಪೆನ್ನು ಕಾಣೆಯಾಗಿತ್ತು. ಎಲ್ಲವನ್ನೂ ಹೊತ್ತು ಹೊರಬಂದರೆ, ಸೀಟಿನ ಮೇಲೆ ಹೆಲ್ಮೆಟ್ ಧರಿಸಿದ ಹೆಂಡತಿ. ಮುಂದೆ ಮಂಜನ್ನು ಸೀಳಿಕೊಂಡು ಹೆಡ್‌ಲೈಟು!

"ಆರಿಸು! ಇರೋದೂ ಖಾಲಿಯಾಗುತ್ತೆ!"

"ಇನ್ನು ಅರ್ಧ ನಿಮಿಷ" ಎಂದಳು ಆಕೆ, ಗಡಿಯಾರದಿಂದ ಕಣ್ಣು ಕೀಳದೆ. "ಲ್ಯಾಬಿನಲ್ಲಿ ನಾವು ಫ್ರಿಜ್ಜಿನಿಂದ ತೆಗೆದ ದ್ರಾವಣಾನ ಹಾಗೇ ಹಾಕೋದಿಲ್ಲ ಕಣ್ರೀ. ತಣ್ಣಗಿದ್ರೆ ಕೆಲಸ ಮಂದ. ಬ್ಯಾಟರಿ ಒಳಗಿರೋದೂ ರಸಾಯನಾನೇ ತಾನೆ? ಸ್ವಲ್ಪ ಕೆಲಸ ಕೊಟ್ರೆ ಒಳಗೆ ಬೆಚ್ಚಗಾಗುತ್ತೆ."

ಬಟನ್ ಒತ್ತಿದಳು. ಇಂಜಿನ್ನು ಒಂದೇ ಏಟಿಗೆ ಗುಡುಗಿತು. ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಅತ್ತೆ ಚಪ್ಪಾಳೆ ತಟ್ಟಿದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ರಾಯರ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಸತ್ಯಾನ್ವೇಷಣೆ ಅಷ್ಟಕ್ಕೇ ನಿಲ್ಲುವಂಥದ್ದೇ?

"ಇದು ಪುರಾವೆ ಅಲ್ಲ" ಎಂದರು. "ಲೈಟ್ ಹಾಕದಿದ್ರೂ ಎರಡನೇ ಸಲಕ್ಕೆ ಆಗ್ತಿತ್ತೇನೋ. ಆಫ್ ಮಾಡು, ಹತ್ತು ನಿಮಿಷ ಬಿಟ್ಟು ಲೈಟಿಲ್ಲದೆ ಒಮ್ಮೆ ನೋಡೋಣ." ಹೇಳುತ್ತಲೇ ಕೀಲಿಗೆ ಕೈ ಚಾಚಿದರು.

ಹೆಂಡತಿ ಅವರ ಕೈಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಟಕ್ಕೆಂದು ಮೊದಲನೇ ಗೇರಿಗೆ ಹಾಕಿದಳು.

"ಏಯ್! ನಾನು ಹತ್ತಬೇಕು!"

"ಎರಡು ಕಿಲೋ ಉಳಿಸೋಕೆ ಹದಿನೇಳು ದಿನ ಓದಿದ್ರಲ್ಲ" ಎಂದಳು ಆಕೆ, ಕ್ಲಚ್ ಬಿಡುತ್ತ. "ಇವತ್ತು ಒಂದೇ ಏಟಿಗೆ ಎಂಬತ್ತೆರಡು ಉಳೀತು!"

ಗಾಡಿ ಲೈಟುಕಂಬ ದಾಟಿತು, ಇಸ್ತ್ರಿ ಅಂಗಡಿ ದಾಟಿತು, ಟ್ಯಾಂಕಿನ ಬಳಿ ಇಂಡಿಕೇಟರ್ ಮಿನುಗಿಸಿ ಮಂಜಿನಲ್ಲಿ ಕರಗಿತು. ಬೀದಿ ನಡುವೆ ಮೀಟರ್ ಹಿಡಿದು ನಿಂತ ರಾಯರನ್ನು ಕಂಡು ಇಸ್ತ್ರಿ ಅಂಗಡಿಯವನು ನಿರಾಸೆಯಿಂದ ಕೇಳಿದ: "ಏನ್ ಸಾರ್, ಇವತ್ತು ತಳ್ಳೋದಿಲ್ವಾ?"

ಹೆಂಡತಿ ಒಂಬತ್ತಕ್ಕೆ ಹನ್ನೆರಡು ನಿಮಿಷವಿರುವಾಗಲೇ ಆಸ್ಪತ್ರೆ ತಲುಪಿದಳು. ಸಂಜೆ ಮುಖ್ಯಸ್ಥೆಯಾಗಿ ಮರಳಿದಳು.

ಮರುದಿನ ಬೆಳಗ್ಗೆಯೂ ಮಂಜು. ಎರಡು ಕಂಬಳಿಗಳಡಿ ಮುದುಡಿದ್ದ ರಾಯರ ಕಣ್ಣಿಗೆ ಕೋಣೆಯ ದೀಪ ಝಗ್ಗೆಂದು ಹೊಡೆಯಿತು. ಬಾಗಿಲ ಆಚೆ ಮಾತು ಕೇಳಿಸುತ್ತಿತ್ತು.

"ಅಲ್ಲವೇ, ಕೂಗಿ ಕೂಗಿ ಸಾಕಾಯ್ತು ನನಗೆ. ದೀಪ ಹಾಕಿದ ಮಾತ್ರಕ್ಕೆ ಏಳ್ತಾನಾ?"

"ಎರಡು ನಿಮಿಷ ಬಿಡಿ ಅತ್ತೆ."

"ಪುರಾವೆ ಏನೇ?"

"ಪುರಾವೆ ಗೊತ್ತಿಲ್ಲ ಅತ್ತೆ. ಏಳ್ತಾರೆ."

ಶುದ್ಧ ಮೌಢ್ಯ ಎಂದುಕೊಂಡರು ರಾಯರು. ಎದ್ದು ಕೂತು ದಿಂಬಿನ ಪಕ್ಕದ ಗಡಿಯಾರ ನೋಡಿದರು: ದೀಪ ಹತ್ತಿ ಒಂದು ನಿಮಿಷ ನಲವತ್ತು ಸೆಕೆಂಡು.