ಕಂದು ಲಕೋಟೆಯ ಹಿಂಬದಿ

"ನಿಮ್ಮ ಹತ್ರ ಮಾತಾಡೋ ಹಾಗಿಲ್ಲ ಅಂದೆನಲ್ಲ," ಎಂದು ಕೌನ್ಸಿಲ್ ಗುಮಾಸ್ತೆ ಡೋರೀನ್ ಗಾಜಿನಾಚೆಯಿಂದ ಮೂರನೆಯ ಸಲ ಹೇಳಿದಳು.

ಹಾವರ್ತ್: ಮನೆ ನಂದು, ಬಾಡಿಗೆ ನಂದು. ಮಾತು ಮಾತ್ರ ಅವಳದ್ದಾ?

ಡೋರೀನ್: ಅರ್ಜಿ ಅವಳದ್ದು. ಈ ಗುಲಾಬಿ ಕಾಗದಕ್ಕೆ ಬೆಥನ್ ಸಹಿ ಹಾಕಿದ್ರೆ ನಿಮಗೂ ಹೇಳ್ತೀನಿ. ಅಲ್ಲೀವರೆಗೆ ಹಳದಿ ಗೆರೆ ಹಿಂದೆ ನಿಂತ್ಕೊಳ್ಳಿ.

ಗೆರೆ ಕೌಂಟರಿನಿಂದ ಎರಡೇ ಹೆಜ್ಜೆ. ನನ್ನ ಮನೆ ಮಾಲೀಕ ಹಾವರ್ತ್ ಅದರ ಹಿಂದೆ ಹೋಗಿ ನಿಂತರು. ಕಿವಿಯನ್ನು ಮಾತ್ರ ಮುಂದೆ ಬಿಟ್ಟಿದ್ದರು. ಅವರ ಕೋಟಿನ ಜೇಬಿನಲ್ಲಿ ನಾನು ಮನೆ ಖಾಲಿ ಮಾಡಬೇಕೆಂಬ ನೋಟಿಸು ಇತ್ತು. ಬಾಡಿಗೆಗೆಂದು ಕೌನ್ಸಿಲ್ ಕೊಡುವ ನೆರವಿಗೆ ನಾನು ಅರ್ಜಿ ಹಾಕಿ ಒಂಬತ್ತು ವಾರವಾದರೂ ಏನೂ ಬಂದಿರಲಿಲ್ಲ. ಇವತ್ತು ಕಾರಣ ತಿಳಿಯದಿದ್ದರೆ ನೋಟಿಸನ್ನು ನಿನ್ನ ಕೈಗೇ ಕೊಡುತ್ತೇನೆ ಎಂದು ಬೆಳಿಗ್ಗೆ ಬಾಗಿಲಲ್ಲಿ ಹೇಳಿದ್ದರು. ನನ್ನ ತೊಡೆಯ ಮೇಲೆ ಎಂಟು ತಿಂಗಳ ಐವಿ, ಹಲ್ಲು ಬರುವ ಸಂಕಟಕ್ಕೆ ನನ್ನ ಸ್ಕಾರ್ಫ್ ಜಗಿಯುತ್ತಿದ್ದಳು. ಅವಳನ್ನೂ ತೊಟ್ಟಿಲನ್ನೂ ಎತ್ತಿಕೊಂಡು ಎಲ್ಲಿಗೆ ಹೋಗುವುದೆಂದು ನನಗೆ ಗೊತ್ತಿರಲಿಲ್ಲ. ಅವರೆದುರು ನನಗಿದ್ದ ಪಟ್ಟು ಆ ಸಹಿಯೊಂದೇ; ಅದಕ್ಕೇ ಪೆನ್ನು ಕೈಯಲ್ಲಿದ್ದರೂ ಸಹಿ ಹಾಕಲಿಲ್ಲ.

ನಾನು: ಆ ನೋಟಿಸು ಹರೀರಿ, ಸಹಿ ಹಾಕ್ತೀನಿ.

ಹಾವರ್ತ್: ಮೊದಲು ಹಾಕು. ಆಮೇಲೆ ಯೋಚನೆ ಮಾಡ್ತೀನಿ.

ನಾನು: ಅಡುಗೆಮನೆ ನಲ್ಲಿ ಬಗ್ಗೆ ಯೋಚನೆ ಮಾಡ್ತೀನಿ ಅಂದು ಮೂರು ತಿಂಗಳಾಯ್ತು. ನೀವು ಯೋಚಿಸ್ತಾ ಇದ್ದೀರಿ, ಅದು ತೊಟ್ಟಿಕ್ತಾ ಇದೆ.

ಡೋರೀನ್ ಗಂಟಲು ಸರಿಮಾಡಿಕೊಂಡಳು.

ಡೋರೀನ್: ನಿನಗೆ ಹೇಳ್ತಿದ್ದೀನಿ ಕಣಮ್ಮ, ನಿನಗೆ ಮಾತ್ರ. ನಿನ್ನ ಅರ್ಜಿ ಜೊತೆ ಕರಾರುಪತ್ರ ಇಲ್ಲ.

ನಾನು: ಬರೆದದ್ದೇ ಇಲ್ಲ. ಇವರು ಕೈ ಕುಲುಕಿ ಬೀಗದ ಕೈ ಕೊಟ್ರು.

ಹಾವರ್ತ್: ನಮ್ಮಪ್ಪನ ಕಾಲದಿಂದಲೂ ಹಾಗೇ. ಕೈ ಕುಲುಕಿದ್ರೆ ಮುಗೀತು.

ಡೋರೀನ್: ಗೆರೆ ಹಿಂದಿನವರು ಸುಮ್ಮನಿರಬೇಕು.

ಆದರೆ ಸಾಮಾನ್ಯ ನಿಯಮವನ್ನು ಯಾರಿಗಾದರೂ ಹೇಳಬಹುದಂತೆ. ಅವಳು ಕನ್ನಡಕ ಏರಿಸಿಕೊಂಡು ಐವಿಯ ಕಡೆ ಬಗ್ಗಿದಳು.

ಡೋರೀನ್: ನೋಡು ಪುಟ್ಟಿ, ಯಾರದೋ ಒಂದು ಮನೆ ಅಂತಿಟ್ಕೋ. ಕರಾರುಪತ್ರ ಇಲ್ಲ. ಆಗ ನಾವು ಮಾಲೀಕನಿಗೆ ಕಾಗದ ಹಾಕ್ತೀವಿ: ಬಾಡಿಗೆ ಎಷ್ಟು ಅಂತ ಬರೆದು ಸಹಿ ಮಾಡಿ ಕಳಿಸಪ್ಪ, ಅಂತ. ಆ ಪುಣ್ಯಾತ್ಮ ಉತ್ತರ ಕೊಡಲಿಲ್ಲ ಅಂದ್ರೆ ಅರ್ಜಿ ಕೂತಲ್ಲೇ ಕೂತಿರುತ್ತೆ.

ಐವಿ ಗಂಭೀರವಾಗಿ ಜೊಲ್ಲು ಸುರಿಸಿದಳು. ಹಾವರ್ತ್ ಗೆರೆ ದಾಟಿ ಬಂದರು.

ಹಾವರ್ತ್: ನನಗೆ ಯಾವ ಕಾಗದವೂ ಬಂದಿಲ್ಲ. ನಾನು ಶಿಸ್ತಿನ ಮನುಷ್ಯ. ಬರದ ವಾರಗಳನ್ನೆಲ್ಲ ಗುರುತು ಹಾಕಿ ಇಟ್ಟಿದ್ದೀನಿ, ನೋಡಿ ಬೇಕಾದ್ರೆ.

ಜೇಬಿನಿಂದ ಒಂದು ಚೀಟಿ ತೆಗೆದು ಕೌಂಟರಿನ ಮೇಲೆ ಬಡಿದರು. ಪೆನ್ಸಿಲಿನಲ್ಲಿ ಎಳೆದ ಒಂಬತ್ತು ಗೀಟು. ಕೆಳಗೆ ಅಂಗಡಿ ಸಾಮಾನಿನ ಪಟ್ಟಿ: ಬೆಕ್ಕಿನ ಆಹಾರ, ಪುದೀನ ಪೆಪ್ಪರ್‌ಮೆಂಟು, ಅರ್ಧ ಪೌಂಡ್ ಚೀಸ್. ಡೋರೀನ್ ಅದನ್ನು ನಿಧಾನವಾಗಿ ಮಗುಚಿದಳು. ಕಂದು ಲಕೋಟೆ. ಮೇಲೆ ಕೌನ್ಸಿಲಿನ ಮುದ್ರೆ, ಹಾವರ್ತರ ಹೆಸರು. ಒಡೆದೇ ಇರಲಿಲ್ಲ.

ಡೋರೀನ್: ಬಹಳ ಶಿಸ್ತು. ಈ ಕಡೆ ಓದಿದ್ರಾ?

ಹಾವರ್ತ್ ಜೇಬಿಗೆ ಕೈ ಹಾಕಿ ಇನ್ನೆರಡು ತೆಗೆದಿಟ್ಟರು. ಅವೂ ಹಾಗೇ ಇದ್ದವು.

ಹಾವರ್ತ್: ಕಂದು ಲಕೋಟೆ ನಾನು ಒಡೆಯಲ್ಲ. ಎಡ್ನಾ ಒಡೀತಿದ್ಲು.

ಎಡ್ನಾ ಅವರ ಹೆಂಡತಿ. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಾಲಿಗೆಯ ತುದಿಯಲ್ಲಿ ಒಳ್ಳೆಯದೊಂದು ಕುಟುಕು ಸಿದ್ಧವಾಗಿತ್ತು, ನುಂಗಿಕೊಂಡೆ. ನಾನು ಒಡೆಯಲೇ ಎಂದು ಕೇಳಿದೆ. ಅವರು ಗೋಡೆ ನೋಡುತ್ತ ಹೂಂ ಎಂದು ತಲೆ ಆಡಿಸಿದರು. ಒಳಗಿದ್ದದ್ದು ಒಂದೇ ಹಾಳೆ, ಎರಡು ಚೌಕ, ಒಂದು ಸಹಿ. ಅವರು ಅಲ್ಲೇ ತುಂಬಿದರು. ನನ್ನನ್ನು ಬೀದಿಗೆ ಹಾಕಲಿದ್ದ ಒಂಬತ್ತು ವಾರ ಎರಡು ನಿಮಿಷದಲ್ಲಿ ಮುಗಿಯಿತು. ಬರಬೇಕಾದದ್ದೆಲ್ಲ ಒಟ್ಟಿಗೇ ಬರುತ್ತದೆಂದು ಡೋರೀನ್ ಹೇಳಿದಳು. ನಾನೂ ಗುಲಾಬಿ ಕಾಗದಕ್ಕೆ ಸಹಿ ಹಾಕಿದೆ. ತಕ್ಷಣ ಹಾವರ್ತರಿಗೆ ಜೀವ ಬಂತು.

ಹಾವರ್ತ್: ಇನ್ಮೇಲೆ ದುಡ್ಡು ಇವಳ ಕೈಗೆ ಬೇಡ, ನೇರ ನನಗೇ ಕಳಿಸಿ. ಎಂಟು ವಾರ ಬಾಕಿಯಾದ್ರೆ ಕೇಳಬಹುದಂತೆ, ಕ್ಲಬ್ಬಲ್ಲಿ ಹೇಳಿದ್ರು.

ಡೋರೀನ್: ಧಾರಾಳವಾಗಿ ಕೇಳಬಹುದು. ಕ್ಲಬ್ಬಲ್ಲಿ ಮಿಕ್ಕಿದ್ದು ಹೇಳಲಿಲ್ವಾ? ಅಪ್ಪಿತಪ್ಪಿ ಹೆಚ್ಚಿಗೆ ಬಂದಿದ್ರೆ, ವಾಪಸ್ ಕೊಡಿ ಅಂತ ನಿಮ್ಮನ್ನೇ ಕೇಳಬಹುದು.

ಹಾವರ್ತ್: ಕೇಳೋದು ಹೇಗೆ? ಫೋನಲ್ಲಾ?

ಡೋರೀನ್: ಕಾಗದ ಹಾಕ್ತೀವಿ.

ಕೌಂಟರಿನ ಕೆಳಗಿಂದ ಖಾಲಿ ಕಂದು ಲಕೋಟೆಯೊಂದನ್ನು ತೆಗೆದು, ಅಂಚು ನೇರ ಮಾಡಿ, ಅವರ ಮುಂದಿಟ್ಟಳು. ಹಾವರ್ತ್ ಅದನ್ನು ನೋಡಿದರು. ಆಮೇಲೆ ಜೇಬಿನಿಂದ ನೋಟಿಸು ತೆಗೆದು ಐವಿಯ ಕೈಗೆ ಕೊಟ್ಟರು. ಅವಳು ಸ್ಕಾರ್ಫ್ ಉಗುಳಿ ಅದಕ್ಕೆ ಬಾಯಿ ಹಾಕಿದಳು.

ಹಾವರ್ತ್: ದುಡ್ಡು ಇವಳ ಕೈಗೇ ಕಳಿಸಿ. ಬೆಥನ್, ಶನಿವಾರ ಟೀಗೆ ಬರ್ತೀಯಾ? ನಮ್ಮನೆ ಗಡಿಯಾರದ ಹಿಂದೆ ಇಂಥವು ಇನ್ನೂ ಹದಿನಾಲ್ಕು ಇವೆ.

ನಾನು: ಬರ್ತೀನಿ. ಒಂದು ಲಕೋಟೆಗೆ ಒಂದು ರಿಪೇರಿ. ಮೊದಲು ನಲ್ಲಿ.

ಹಾವರ್ತ್: ಯೋಚನೆ ಮಾಡ್ತೀನಿ.